ಗುಲಾಬಿ ಚುಕ್ಕಿ, ಮಾಸಲು ಚುಕ್ಕಿ

ಹೋದ ಚಳಿಗಾಲದ ಒಂದು ಬೆಳಿಗ್ಗೆ ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಕೂಡ್ಲಿಗಿಯಲ್ಲಿ ತಂಗಿಯ ಮಗಳ ನಿಶ್ಚಿತಾರ್ಥ. ಹಡಗಲಿಯಿಂದ ಹೊರಟವನು ಅಲ್ಲಿ ಬಸ್ಸು ಬದಲಿಸಬೇಕಿತ್ತು. ಗೋಡೆಯ ಮರೆಯಲ್ಲಿ ಇಬ್ಬರು ಕುರಿ ಕಾಯುವವರು ಕಸಕಡ್ಡಿ ಒಟ್ಟಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. ಒಬ್ಬನ ಕಂಬಳಿಯ ಅಂಚು ಉರಿಗೆ ತೀರಾ ಹತ್ತಿರ ಹೋಗಿತ್ತು. ಬಿಸಿಯಾದ ಉಣ್ಣೆಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ನಿಂತೆ. ಕೂಡ್ಲಿಗಿ ಬಸ್ಸಿನ ಕಂಡಕ್ಟರ್, “ಬರ್ರಿ ಯಜಮಾನ್ರ, ಸೀಟು ಅದಾವ” ಎಂದು ಕರೆದ. ಹತ್ತಲಿಲ್ಲ. ಮುಂದಿನದಕ್ಕೆ ಹೋದರಾಯಿತು ಎಂದುಕೊಂಡು ಬಜಾರದ ಕಡೆ ಹೆಜ್ಜೆ ಹಾಕಿದೆ.

ಆ ವಾಸನೆ ನನ್ನ ಪಾಲಿಗೆ ಒಂದೇ ಒಂದು ವರ್ಷದ್ದು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ಕೊಟ್ಟೂರಿನ ಕಾಲೇಜೊಂದರಲ್ಲಿ ಆ ವರ್ಷದ ಮಟ್ಟಿಗೆ ಪಾಠ ಹೇಳಲು ಬಂದಿದ್ದೆ. ಊರು ಕೂಡ್ಲಿಗಿ ತಾಲೂಕಿನ ಹೊಸಹಳ್ಳಿ ಕಡೆ. ಅಪ್ಪ ಅವ್ವ ಇನ್ನೊಬ್ಬರ ಹೊಲದಲ್ಲಿ ದುಡಿದವರು. ನಮ್ಮ ಓಣಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವ ನಾನು. ಹತ್ತಿದ ಮೇಲೆ ಇಳಿಯಲು ಮನಸ್ಸಾಗದೆ ಪಿಎಚ್.ಡಿ.ಗೂ ಹೆಸರು ಹಚ್ಚಿದ್ದೆ. ಧಾರವಾಡದಲ್ಲಿದ್ದ ನನ್ನ ಗೈಡ್ ಒಂದು ಸಮಸ್ಯೆ ಕೊಟ್ಟು ಕಳಿಸಿದ್ದರು: ಒಂದೇ ಆಹಾರಕ್ಕೆ ಎರಡು ಬಗೆಯ ಜೀವಿಗಳು ಪೈಪೋಟಿಗೆ ಬಿದ್ದರೆ ಯಾರು ಉಳಿಯುತ್ತಾರೆ? ಉತ್ತರ ಹೊಸದಲ್ಲ. ಬೇಗ ಬೆಳೆಯುವುದು ಉಳಿಯುತ್ತದೆ, ನಿಧಾನದ್ದು ಅಳಿಯುತ್ತದೆ. ಎರಡು ಸಮೀಕರಣ ಬರೆದು, ಎರಡು ಗೆರೆ ಎಳೆದರೆ ಮುಗಿಯಿತು. ಇದರಲ್ಲಿ ಹೊಸದೇನು ತೆಗೆಯಲಿ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದೆ.

ಮಳೆಗಾಲದಲ್ಲಿ ಜ್ವರ ಬಂತು. ಬಜಾರದ ಮೆಡಿಕಲ್ ಶಾಪಿನ ಕೊಟ್ರಬಸಪ್ಪನವರು, ಊರಿಗೆಲ್ಲ ಕೊಡುವ ಹಾಗೆ ನನಗೂ ಗುಳಿಗೆ ಕೊಟ್ಟರು. ಜ್ವರ ಬಿಡಲಿಲ್ಲ. “ಒಳಗ ನಮ್ಮ ಹುಡುಗಿ ಅದಾಳ, ರಕ್ತ ಕೊಟ್ಟು ಹೋಗ್ರಿ ಮೇಷ್ಟ್ರ” ಎಂದರು. ಅಂಗಡಿಯ ಪಕ್ಕದ ಕೋಣೆಯೇ ಲ್ಯಾಬು, ಅದರ ಹಿಂದೆಯೇ ಅವರ ಮನೆ. ಒಂದು ಮೇಜು, ಒಂದು ಸೂಕ್ಷ್ಮದರ್ಶಕ, ಸ್ಪಿರಿಟ್ ದೀಪ, ಗೋಡೆಗೆ ಬಸವಣ್ಣನ ಕ್ಯಾಲೆಂಡರು. ಮಗಳು ಶಿವಲೀಲಾ ಸೂಕ್ಷ್ಮಜೀವಿಶಾಸ್ತ್ರ ಓದಿ, ಮುಂದೆ ಸಂಶೋಧನೆ ಮಾಡುವ ಆಸೆ ಇಟ್ಟುಕೊಂಡು, ಸದ್ಯಕ್ಕೆ ಊರವರ ರಕ್ತ ಮೂತ್ರ ನೋಡುತ್ತ ಕೂತಿದ್ದಳು.

ನಾನು ಕಾಯುತ್ತ ಕೂತಲ್ಲೇ, ಜ್ವರದ ಮಂಪರಿನಲ್ಲೂ ಬಿಡದ ಚಟ, ರಿಪೋರ್ಟಿನ ಲಕೋಟೆಯ ಹಿಂದೆ ಸಮೀಕರಣ ಗೀಚುತ್ತಿದ್ದೆ.

“ಏನ್ ಸರ ಅದು?” ಎಂದಳು.

“ಎರಡು ಪ್ರಾಣಿ ಒಂದ ತಾಟಿಗೆ ಬಾಯಿ ಹಾಕಿದ್ರ ಏನಾಗತೈತಿ ಅಂತ.”

“ಯಾವ ಪ್ರಾಣಿ?”

“ಯಾವುದಾರ ಇರ್ಲಿ. ಗಣಿತಕ್ಕ ಎಲ್ಲಾ ಒಂದ.”

ಅವಳು ನಕ್ಕಳು. “ನಿಮ್ಮ ಪ್ರಾಣಿ ಬರೇ ತಿಂತಾವ ಸರ. ನನ್ನವು ತಿನ್ನೋ ಹೊತ್ತಿನ್ಯಾಗ ಒಂದಕ್ಕೊಂದು ಕೊಡೂದೂ ಕೊಡ್ತಾವ. ಅದನ್ನ ಬರೀರಿ ನೋಡೂಣು.”

ಅಲ್ಲಿಂದ ಶುರುವಾಯಿತು. ಜ್ವರ ಇಳಿದ ಮೇಲೂ ನಾನು ಆ ಕೋಣೆಗೆ ಹೋಗುವುದು ಬಿಡಲಿಲ್ಲ. ಬ್ಯಾಕ್ಟೀರಿಯಾದ ಒಳಗೆ ಅದರ ಸ್ವಂತ ಬದುಕಿಗೆ ಬೇಕಾದ ವಂಶದ ದಾರ ಇರುತ್ತದಲ್ಲ, ಅದಲ್ಲದೆ ಪ್ಲಾಸ್ಮಿಡ್ ಎಂಬ ಸಣ್ಣದೊಂದು ಉಂಗುರವೂ ಇರಬಹುದು ಎಂದು ಶಿವಲೀಲಾ ಹೇಳಿಕೊಟ್ಟಳು. ಔಷಧಿಯನ್ನು ತಡೆಯುವ ಶಕ್ತಿ ಎಷ್ಟೋ ಸಲ ಆ ಉಂಗುರದಲ್ಲಿರುತ್ತದೆ. ಒಂದು ಜೀವಿ ಪಕ್ಕದ್ದಕ್ಕೆ ಅಂಟಿಕೊಂಡು ಉಂಗುರದ ಒಂದು ಪ್ರತಿಯನ್ನು ದಾಟಿಸಿಬಿಡುತ್ತದೆ. ಪಕ್ಕದ್ದು ಬೇರೆ ಬಗೆಯದಾದರೂ ಅಡ್ಡಿಯಿಲ್ಲ. ಆದರೆ ಉಂಗುರ ಹೊತ್ತದ್ದಕ್ಕೆ ಭಾರ. ಅದು ಸ್ವಲ್ಪ ನಿಧಾನ ಬೆಳೆಯುತ್ತದೆ. ಔಷಧಿ ಇದ್ದಾಗ ಹೊತ್ತವನೇ ಬದುಕುತ್ತಾನೆ, ಸರಿ. ಔಷಧಿ ಇಲ್ಲದಾಗ ಹೊರುವುದು ದಂಡ. ಹಾಗಾದರೆ ಉಂಗುರ ಅಳಿದುಹೋಗಬೇಕಲ್ಲ, ಯಾಕೆ ಹೋಗುವುದಿಲ್ಲ? “ಅಪ್ಪ ಎರಡೆರಡು ಗುಳಿಗಿ ಕೊಟ್ಟು ಕಳಿಸ್ತಾರ, ಊರ ಮಂದಿ ಅರ್ಧಕ್ಕ ಬಿಡ್ತಾರ. ನನಗ ಇದರ ಲೆಕ್ಕ ಬೇಕು ಸರ” ಎಂದಳು.

ನಾನು ಸಮೀಕರಣ ಬರೆದೆ. ಎರಡರ ಜಾಗದಲ್ಲಿ ನಾಲ್ಕು ಆದವು: ಎರಡು ಬಗೆ, ಎರಡರಲ್ಲೂ ಉಂಗುರ ಇದ್ದವು ಮತ್ತು ಇಲ್ಲದವು. ಕೈಯಲ್ಲಿ ಬಿಡಿಸಲಾಗದ ಗೋಜಲು. ಹಗರಿಬೊಮ್ಮನಹಳ್ಳಿಯ ಕಂಪ್ಯೂಟರ್ ಸೆಂಟರಿಗೆ ಭಾನುವಾರ ಭಾನುವಾರ ಹೋಗುತ್ತಿದ್ದೆ. ಚಪ್ಪಲಿ ಹೊರಗೆ ಬಿಟ್ಟು, ಗುಡಿಯೊಳಗೆ ಹೋದ ಹಾಗೆ ಒಳಗೆ ಹೋಗಬೇಕು. ಪ್ರೋಗ್ರಾಂ ಅರ್ಧ ಓಡಿರುವಾಗ ಕರೆಂಟು ಹೋಗುವುದು. ಸೆಂಟರಿನ ಹುಡುಗರು “ಹೋತು ಸರ” ಎಂದು ಚಹಾಕ್ಕೆ ಎದ್ದು ನಡೆಯುವರು. ನಾನು ಕಪ್ಪು ಪರದೆಯ ಮುಂದೆ ಪೆಚ್ಚಾಗಿ ಕೂತಿರುವೆ. ಕೊನೆಗೊಂದು ಭಾನುವಾರ ಗೆರೆಗಳು ಪೂರ್ತಿ ಬಂದವು. ನೋಡಿದವನಿಗೆ ಮೈ ಜುಮ್ಮೆಂದಿತು. ಒಂದೇ ಬಗೆಯ ಬ್ಯಾಕ್ಟೀರಿಯಾ ಒಂಟಿಯಾಗಿದ್ದರೆ ಉಂಗುರ ಮೆಲ್ಲಗೆ ಅಳಿಯುತ್ತಿತ್ತು. ಎರಡೂ ಕೂಡಿದ್ದರೆ ಅಳಿಯುತ್ತಿರಲಿಲ್ಲ. ಇದು ಕಳಕೊಂಡರೆ ಅದು ಕೊಡುತ್ತಿತ್ತು, ಅದು ಕಳಕೊಂಡರೆ ಇದು. ಅಷ್ಟೇ ಅಲ್ಲ, ಜೋರಿನದಕ್ಕೆ ಉಂಗುರದ ಭಾರ ಬಿದ್ದು ಓಟ ತಗ್ಗುವುದರಿಂದ ನಿಧಾನದ್ದೂ ಬದುಕಿ ಉಳಿಯುತ್ತಿತ್ತು. ಯಾರಿಗೂ ಬೇಡದ ಭಾರ ಇಬ್ಬರನ್ನೂ ಒಂದೇ ಪಾತ್ರೆಯಲ್ಲಿ ಉಳಿಸಿತ್ತು.

ಕಾಗದ ಹಿಡಿದು ಮರುದಿನ ಬೆಳಿಗ್ಗೆಯೇ ಓಡಿದೆ. ಶಿವಲೀಲಾ ಬಹಳ ಹೊತ್ತು ನೋಡಿ, “ಗೆರಿ ಚಂದ ಅದಾವ ಸರ. ಟ್ಯೂಬಿನ್ಯಾಗ ಹಿಂಗ ಆಗತೈತೇನು, ನೋಡೇಬಿಡೂಣು” ಎಂದಳು.

ಅವಳಿಗೆ ಅದು ಬರಿಯ ಕುತೂಹಲವಾಗಿರಲಿಲ್ಲ. ದಾವಣಗೆರೆಯ ಅಡತಿ ವ್ಯಾಪಾರಿಯ ಮನೆಯಿಂದ ಗಂಡು ಬಂದಿತ್ತು, ಒಳ್ಳೆಯ ಮನೆತನ. ಅವಳು ಓದಿದ ಕಡೆಯ ಮೇಡಂ ಒಬ್ಬರು, “ನಿನ್ನ ಕೈಯಾರೆ ಮಾಡಿದ ಒಂದು ಕೆಲಸ ತೋರಿಸು, ಪುಣೆಯ ದೊಡ್ಡ ಲ್ಯಾಬಿಗೆ ನಾನು ಹೇಳುತ್ತೇನೆ” ಎಂದಿದ್ದರು. ಕೊಟ್ರಬಸಪ್ಪನವರು ಕೆಟ್ಟವರಲ್ಲ. “ಯುಗಾದಿ ತನಕ ನೋಡವ್ವ. ಆಮ್ಯಾಲೆ ನಾ ಅವರಿಗೆ ಮಾತು ಕೊಟ್ಟುಬಿಡ್ತೀನಿ” ಎಂದು ಗಡುವು ಹಾಕಿದ್ದರು. ಟ್ಯೂಬಿನಲ್ಲಿ ಕೆಲಸ ಕೂಡಿಬಂದರೆ ಪುಣೆ, ಇಲ್ಲವಾದರೆ ದಾವಣಗೆರೆ.

ಎರಡು ದಾರಿಯಲ್ಲಿ ಯಾವುದರಲ್ಲೂ ನಾನಿರಲಿಲ್ಲ. ಅಷ್ಟರೊಳಗೆ ನನಗೆ ಅವಳ ಮೇಲೆ ಮನಸ್ಸು ಬಿದ್ದಿತ್ತು. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ಈಗ ನನ್ನದಲ್ಲ. ಆದರೆ ಅವರು ಲಿಂಗಾಯತರು, ಬಜಾರದ ದೊಡ್ಡ ಮನೆ. ಅವಳ ತಾಯಿ ಗೌರಮ್ಮ ನನಗೆ ಚಹಾ ಕೊಡುತ್ತಿದ್ದದ್ದು ಕಟ್ಟೆಯ ಮಾಡದಲ್ಲಿ ಬೇರೆ ಇಟ್ಟಿದ್ದ ಲೋಟದಲ್ಲಿ. ಕುಡಿದು ತೊಳೆದು ಬೋರಲು ಹಾಕಿ ಬರುತ್ತಿದ್ದೆ. ಚಿಕ್ಕಂದಿನಿಂದ ಕಂಡದ್ದೇ, ಹೊಸದಾಗಿ ನೋಯಲು ಅದರಲ್ಲೇನಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನೋಯುತ್ತಿತ್ತು.

ದೀಪಾವಳಿ ಕಳೆದ ಮೇಲೆ ಕೆಲಸ ಹೂಡಿದೆವು. ಮೇಡಂ ಕಳಿಸಿಕೊಟ್ಟ, ಯಾರಿಗೂ ರೋಗ ತರದ ಎರಡು ಬಗೆಯ ಬ್ಯಾಕ್ಟೀರಿಯಾ. ಒಂದು ಮನುಷ್ಯರ ಕರುಳಿನ ಕಡೆಯದು, ಇನ್ನೊಂದು ಮಣ್ಣಿನದು. ತಟ್ಟೆಯ ಮೇಲೆ ಹರಡಿದರೆ ಮೊದಲನೆಯದು ಗುಲಾಬಿ ಚುಕ್ಕಿಯಾಗಿ ಏಳುತ್ತಿತ್ತು, ಎರಡನೆಯದು ಮಾಸಲು ಚುಕ್ಕಿಯಾಗಿ. ಔಷಧಿ ಬೆರೆಸಿದ ತಟ್ಟೆಯಲ್ಲಿ ಉಂಗುರ ಇದ್ದವು ಮಾತ್ರ ಏಳುತ್ತಿದ್ದವು. ನನ್ನ ಸಮೀಕರಣಗಳ ನಾಲ್ಕು ಅಕ್ಷರಗಳು ಕಣ್ಣಿಗೆ ಕಾಣುವ ಚುಕ್ಕಿಗಳಾದವು. ಬೆಳೆಸಲು ಬೇಕಾದ ದ್ರವವನ್ನು ನಾವು ಸಾರು ಎನ್ನುತ್ತಿದ್ದೆವು. ದಾವಣಗೆರೆಯಿಂದ ತಂದ ಪುಡಿಯನ್ನು ನೀರಿಗೆ ಹಾಕಿ, ಲ್ಯಾಬಿನ ಹಳೆಯ ಕುಕ್ಕರಿನಲ್ಲಿ ಸೀಟಿ ಹೊಡೆಸಿದರೆ ಸಾರು ತಯಾರು. ಪುಡಿ ಸಾಲದು ಎಂದು ಎರಡೂ ಕೂಡಿದ ಟ್ಯೂಬುಗಳನ್ನಷ್ಟೇ ಇಟ್ಟೆವು. ಒಂಟಿ ಬಗೆಯವನ್ನು ಬಿಟ್ಟೆವು. ಪತ್ರದಲ್ಲಿ ತಿಳಿಸಿದ್ದಕ್ಕೆ ನನ್ನ ಗೈಡ್, “ಹೋಲಿಸಲು ಏನೂ ಇಲ್ಲದ ಪ್ರಯೋಗ ಎಂಥ ಪ್ರಯೋಗ ಮಾರಾಯ?” ಎಂದು ಬೈದು ಬರೆದಿದ್ದರು.

ದಿನಾ ಬೆಳಿಗ್ಗೆ ನಿನ್ನೆಯ ಟ್ಯೂಬಿನಿಂದ ಒಂದು ಹನಿ ತೆಗೆದು ಹೊಸ ಸಾರಿಗೆ ಹಾಕುವುದು. ಅಷ್ಟೇ. ಒಂದು ದಿನವೂ ತಪ್ಪಬಾರದು. ಶಿವಲೀಲಾ ದೀಪದ ಉರಿಗೆ ಟ್ಯೂಬಿನ ಬಾಯಿ ತೋರಿಸಿ ಹನಿ ಹಾಕುವಳು, ನಾನು ಚುಕ್ಕಿ ಎಣಿಸುವೆ. ಗೌರಮ್ಮ ಅದೇ ಹೊತ್ತಿಗೆ ಒಳಗೆ ಮಜ್ಜಿಗೆ ಕಡೆಯುತ್ತಿರುವರು. ಬಾಗಿಲ ಸಂದಿಯಿಂದ ಮೊದಮೊದಲು ಇಣುಕಿ ನೋಡಿ, “ಇದೇನ ಯವ್ವಾ, ನೀನೂ ನನ್ನಂಗ ದಿನಾ ಹೆಪ್ಪು ಹಾಕ್ತೀಯಲ್ಲ” ಎಂದಿದ್ದರು. ಅಂದಿನಿಂದ ಆ ಮನೆಯಲ್ಲಿ ನಮ್ಮ ಕೆಲಸದ ಹೆಸರು ಹೆಪ್ಪು ಎಂದೇ ಆಯಿತು. “ಹೆಪ್ಪು ಆತೇನ್ರಿ ಮೇಷ್ಟ್ರ?” ಎಂದು ಕೊಟ್ರಬಸಪ್ಪನವರೂ ಗಿರಾಕಿಗಳ ಮುಂದೆಯೇ ಕೇಳುವರು. ನನಗೆ ಜೀವನದಲ್ಲಿ ಅಂಥ ಬೆಳಗುಗಳು ಮತ್ತೆ ಬರಲಿಲ್ಲ. ಸ್ಪಿರಿಟ್ ದೀಪದ ನೀಲಿ ಉರಿ, ಒಳಗಿನ ಕಡಗೋಲಿನ ಸದ್ದು, “ಗುಲಾಬಿ ಎಷ್ಟು ಸರ?” ಎನ್ನುವ ಅವಳ ದನಿ. ಈಗಲೂ ಒಮ್ಮೊಮ್ಮೆ ಎಚ್ಚರಾಗುವಾಗ ಆ ಪ್ರಶ್ನೆಗೆ ಉತ್ತರ ಹೇಳಬೇಕು ಅನ್ನಿಸುತ್ತದೆ.

ಗೌರಮ್ಮನವರ ನಿಜವಾದ ಹೆಪ್ಪಿನ ಸುದ್ದಿಯೂ ಹೇಳಬೇಕು. ಅದು ಅವರ ಅತ್ತೆ ಉಜ್ಜಿನಿಯ ತವರಿನಿಂದ ತಂದದ್ದು. ಆ ಮಸರು ಕತ್ತರಿಸಿದರೆ ಗೆರೆ ನಿಲ್ಲುವಷ್ಟು ಗಟ್ಟಿ, ಹುಳಿ ಮಾತ್ರ ಹದ. ಹೆಪ್ಪು ಮನೆಯ ಲಕ್ಷ್ಮಿ, ಬೀಗರು ನೆಂಟರಿಗೆ ಬಿಟ್ಟು ಹೊರಗಿನವರಿಗೆ ಕೊಟ್ಟರೆ ಹೈನು ಹೋಗುತ್ತದೆ ಎಂಬುದು ಆ ಮನೆಯ ನಡೆ. ಒಂದು ಬೆಳಿಗ್ಗೆ ನಮ್ಮ ಜನರ ಹೆಣ್ಣುಮಗಳೊಬ್ಬಳು, ಹಿಂದಿನ ಓಣಿಯ ಮಾರೆಕ್ಕ, ಬಟ್ಟಲು ಹಿಡಿದು ಬಂದು ಕಟ್ಟೆಯ ಕೆಳಗೆ ನಿಂತಳು. “ಅವ್ವಾರ, ಹಾಲು ಕಾಸಿಟ್ಟೀನಿ. ಚೂರು ಹೆಪ್ಪು ಕೊಡ್ರಿ.”

“ಎಲ್ಲಾ ಕಡದುಬಿಟ್ನೆಲ್ಲವ್ವ, ಹೆಪ್ಪು ಇಲ್ಲ” ಎಂದರು ಗೌರಮ್ಮ. ಗಡಿಗೆ ತುಂಬ ಮಸರು ಅವರ ಹಿಂದೆಯೇ ಇತ್ತು. ಮಾರೆಕ್ಕನಿಗೂ ಗೊತ್ತು, ನನಗೂ ಗೊತ್ತು. ನಾನು ತಟ್ಟೆಯ ಮೇಲಿಂದ ಕಣ್ಣೆತ್ತಲಿಲ್ಲ.

ಶಿವಲೀಲಾಳ ಮುಖ ಕೆಂಪಾಯಿತು. “ಇಲ್ಲಿ ನೋಡಬೇ, ಈ ಕಣ್ಣಿಗಿ ಕಾಣದ ಹುಳ ಸೈತ ತಮ್ಮ ಹಂತ್ಯಾಕ ಇದ್ದದ್ದನ್ನ ಬ್ಯಾರೇದಕ್ಕ ಕೊಡ್ತಾವ. ನೀ ಒಂದು ಚಮಚ ಮಸರು ಕೊಡಂಗಿಲ್ಲ.”

“ಹುಳದ ಸುದ್ದಿ ಅಡಗಿ ಹೊತ್ತಿನ್ಯಾಗ ಬ್ಯಾಡ” ಎಂದು ಗೌರಮ್ಮ ಒಳಗೆ ಹೋದರು. ಆ ದಿನ ನಾನು ಚಹಾ ಕುಡಿಯದೆ ಕಾಲೇಜಿಗೆ ಹೋದೆ.

ಎಳ್ಳಮಾಸೆ ಬಂತು. ಬೆಳಿಗ್ಗೆಯೇ ಹನಿ ಹಾಕಿ ಮುಗಿಸಿ, ಶಿವಲೀಲಾ ಮತ್ತು ಅವಳ ತಂದೆ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಉಜ್ಜಿನಿಯ ಬೀಗರ ಹೊಲಕ್ಕೆ ಹೋದರು. ನಾನು ಹೊಸಹಳ್ಳಿಗೆ ಅವ್ವನನ್ನು ನೋಡಲು ಹೋದೆ. ಮೊಣಕಾಲು ನೋವಿನ ಗೌರಮ್ಮ ಮನೆಯಲ್ಲೇ ಉಳಿದರು. ಟ್ಯೂಬುಗಳನ್ನು ನಾವು ಬಲ್ಬು ಹಾಕಿದ ಒಂದು ಮರದ ಪೆಟ್ಟಿಗೆಯಲ್ಲಿ ಇಡುತ್ತಿದ್ದೆವು, ಚಳಿ ತಾಗದಿರಲೆಂದು. ನಾವು ಅತ್ತ ಹೋದೆವು, ಇತ್ತ ಕರೆಂಟು ಹೋಯಿತು. ಬಲ್ಬು ಆರಿದ್ದನ್ನು ಕಂಡು ಗೌರಮ್ಮನವರ ಜೀವ ತಡೆಯಲಿಲ್ಲ. ಚಳಿಯಲ್ಲಿ ಮಸರು ಕೂಡದಿದ್ದರೆ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಟ್ಯೂಬುಗಳ ಸ್ಟ್ಯಾಂಡನ್ನು ಹಾಗೇ ಎತ್ತಿ, ಕಂಬಳಿಯಲ್ಲಿ ಸುತ್ತಿ, ಬಚ್ಚಲ ಹಂಡೆಯ ಒಲೆಯ ಮಗ್ಗುಲಲ್ಲಿ ಇಟ್ಟರು. ಬೆಂಕಿ ಆರಬಾರದೆಂದು ಆಗಾಗ ಕಟ್ಟಿಗೆಯನ್ನೂ ಒಟ್ಟಿದರು.

ಮರುದಿನ ಬೆಳಿಗ್ಗೆ ನಾನು ಬಂದಾಗ ಮನೆಯೆಲ್ಲ ಬಿಸಿ ಉಣ್ಣೆಯ ವಾಸನೆ. ಶಿವಲೀಲಾ ಕಂಬಳಿ ಬಿಚ್ಚಿ ಟ್ಯೂಬು ಮುಟ್ಟಿ ನೋಡಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಗೌರಮ್ಮ ಮಗಳ ಮುಖ ನೋಡಿ ಗಾಬರಿಯಾದರು. “ಥಂಡ್ಯಾಗ ಹೆಪ್ಪು ಕೂಡಂಗಿಲ್ಲಂತ ಬೆಚ್ಚಗಿಟ್ಟೆ ಯವ್ವಾ. ಕೆಟ್ಟೋತೇನು?”

ಹನಿ ಹಾಕಿ ಹರಡಿದ ತಟ್ಟೆಗಳಲ್ಲಿ ಅದರ ಮರುದಿನ ಬರೀ ಗುಲಾಬಿ. ಕರುಳಿನದು ಕಾವು ತಡೆದುಕೊಂಡಿತ್ತು. ಮಣ್ಣಿನದು ಸತ್ತಿತ್ತು. ಎಲ್ಲ ತಟ್ಟೆಗಳನ್ನೂ ಬೆಳಕಿಗೆ ಹಿಡಿದು ಹಿಡಿದು ನೋಡಿದೆವು, ಮಾಸಲು ಚುಕ್ಕಿ ಒಂದೂ ಇರಲಿಲ್ಲ. ಹೊಸದಾಗಿ ಹೂಡಲು ಯುಗಾದಿಯೊಳಗೆ ಹೊತ್ತಿರಲಿಲ್ಲ. “ಮುಗೀತು ಸರ. ದಾವಣಗೆರಿಯವರಿಗೆ ಹೇಳಾಕ ಹೇಳ್ತೀನಿ ಅಪ್ಪಗ” ಎಂದು ಅವಳು ದೀಪ ಆರಿಸಿದಳು.

ನಾನು ರೂಮಿಗೆ ಹೋಗಿ ಕಂಪ್ಯೂಟರ್ ಸೆಂಟರಿನ ಕಾಗದಗಳನ್ನು ಹರಡಿಕೊಂಡೆ. ಎರಡನೆಯ ಬಗೆ ಸೊನ್ನೆ ಎಂದು ಇಟ್ಟು ಓಡಿಸಿದ ಗೆರೆ ಅಲ್ಲೇ ಇತ್ತು: ಒಂಟಿಯಾದದ್ದು ಮೆಲ್ಲಗೆ ಉಂಗುರವನ್ನು ಬಿಟ್ಟುಕೊಡುವ ಗೆರೆ. ಗೈಡ್ ಬೈದಿದ್ದರಲ್ಲ, ಹೋಲಿಸಲು ಏನೂ ಇಲ್ಲವೆಂದು. ಅದನ್ನು ಗೌರಮ್ಮ ಕಂಬಳಿ ಸುತ್ತಿ ಮಾಡಿಟ್ಟಿದ್ದರು. ಎಳ್ಳಮಾಸೆಯವರೆಗೆ ಎರಡೂ ಕೂಡಿದ್ದವು, ಉಂಗುರ ನಿಂತಿತ್ತು. ಇನ್ನು ಒಂಟಿ. ಉಂಗುರ ಅಳಿದರೆ ಲೆಕ್ಕ ಪೂರ್ತಿಯಾದಂತೆ. ಅವಳು ಪುಣೆಗೆ ಹೋದಂತೆ. ಅದು ಹೊಳೆದ ಗಳಿಗೆಯಲ್ಲಿ ನನಗಾದದ್ದು ಸಂತೋಷವೋ ಸಂಕಟವೋ ಇವತ್ತಿಗೂ ಹೇಳಲಾರೆ. ಸೈಕಲ್ಲು ಹತ್ತಿ ಬಜಾರಕ್ಕೆ ಹೋಗಿ ಹೇಳಿದೆ: “ನಿಲ್ಲಿಸಬ್ಯಾಡ್ರಿ. ಮಾಸಲು ಇಲ್ಲದಿದ್ರ ಏನಾಗತೈತಿ ಅನ್ನೋದನ್ನ ನಾವು ನೋಡೇ ಇಲ್ಲ.”

ಅವಳು ಕಾಗದ ನೋಡಿದಳು. ದೀಪ ಮತ್ತೆ ಹಚ್ಚಿದಳು.

ಗೆರೆ ಹೇಳಿದಂತೆಯೇ ಆಯಿತು. ಔಷಧಿ ತಟ್ಟೆಗಳಲ್ಲಿ ಗುಲಾಬಿ ಚುಕ್ಕಿಗಳು ವಾರದಿಂದ ವಾರಕ್ಕೆ ಕಡಿಮೆಯಾದವು. ಕೊಡುವವರು ಯಾರೂ ಇಲ್ಲದೆ, ಕಳಕೊಂಡದ್ದು ಕಳಕೊಂಡೇ ಹೋಯಿತು. ಶಿವರಾತ್ರಿ ಹೊತ್ತಿಗೆ ತಟ್ಟೆಗಳು ಬೋಳಾಗಿದ್ದವು. ಶಿವಲೀಲಾ ಎಲ್ಲವನ್ನೂ ಬರೆದು ಮೇಡಂಗೆ ಕಳಿಸಿದಳು. ಯುಗಾದಿಯ ಮುಂಚೆಯೇ ಪುಣೆಯಿಂದ ಕರೆ ಬಂತು. ಕೊಟ್ರಬಸಪ್ಪನವರು ಗಲ್ಲಾದಿಂದ ಎದ್ದು ಬಂದು ನನ್ನ ಕೈ ಹಿಡಿದು, “ನಿಮ್ಮಿಂದ ಆತು ಮೇಷ್ಟ್ರ” ಎಂದರು. ಹೌದು, ನನ್ನಿಂದಲೇ ಆಗಿತ್ತು.

ಕೊನೆಯ ದಿನ ಟ್ಯೂಬುಗಳನ್ನೆಲ್ಲ ಕುದಿಸಿ ತೊಳೆಯಬೇಕಿತ್ತು. ಅವಳು ತೊಳೆದು ಕೊಡುತ್ತಿದ್ದಳು, ನಾನು ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದೆ. ಹೊರಗೆ ಬಿಸಿಲು ಏರಿತ್ತು. ಬೇವಿನ ಹೂವು ಕಟ್ಟೆಯ ತುಂಬ ಉದುರಿತ್ತು. ನಾನು ಬಹಳ ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು ಇವತ್ತು ಆಡಲೇಬೇಕೆಂದು ಬಂದಿದ್ದೆ. “ಒಂದು ಮಾತು ಕೇಳ್ಲೇನ್ರಿ?” ಎಂದೆ.

ಅವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಟ್ಯೂಬನ್ನು ಆಗಲೇ ಶುಚಿಯಾಗಿದ್ದರೂ ಮತ್ತೆ ತೊಳೆದಳು. “ಕೇಳಬ್ಯಾಡ್ರಿ ಸರ” ಎಂದಳು. “ನೀವು ಕೇಳಿದ್ರ ನಾ ಹೋಗಂಗಿಲ್ಲ.”

ನಾನು ಕೇಳಲಿಲ್ಲ. ಉಳಿದ ಟ್ಯೂಬುಗಳನ್ನು ಬೋರಲು ಹಾಕಿದೆವು. ಅವಳು ಹೋದ ದಿನ ನಾನು ಪರೀಕ್ಷೆಯ ಮೇಲ್ವಿಚಾರಣೆಗೆ ಹರಪನಹಳ್ಳಿಗೆ ಹೋಗಿದ್ದೆ. ಹೋಗಲೇಬೇಕಾಗಿರಲಿಲ್ಲ, ಕೇಳಿ ಹಾಕಿಸಿಕೊಂಡಿದ್ದೆ.

ಬೇಸಿಗೆ ಕಳೆದು ನನಗೆ ಹಡಗಲಿಯಲ್ಲಿ ಕಾಯಂ ಕೆಲಸ ಸಿಕ್ಕಿತು. ಹೇಳಿ ಹೋಗಲು ಬಜಾರದ ಮನೆಗೆ ಹೋದೆ. ಗೌರಮ್ಮ ಕಟ್ಟೆಗೆ ಬಂದು, ನಿಲ್ಲಲು ಹೇಳಿ, ಒಳಗಿಂದ ಒಂದು ಸ್ಟೀಲಿನ ಡಬ್ಬಿ ತಂದರು. ಮುಚ್ಚಳದ ಸುತ್ತ ಬಟ್ಟೆ ಕಟ್ಟಿತ್ತು. “ನಾ ನಿಮ್ಮ ಹೆಪ್ಪು ಕೆಡಿಸಿದೆ ಮೇಷ್ಟ್ರ. ಅದು ನನ್ನ ಮನಸಿನ್ಯಾಗ ಐತಿ. ನಮ್ಮದು ತಗೊಂಡು ಹೋಗ್ರಿ. ಬೆಚ್ಚನ ಹಾಲಿಗೆ ಹಾಕ್ರಿ, ಭಾಳ ಬಿಸಿಗೆ ಹಾಕಬ್ಯಾಡ್ರಿ.” ಕೆಟ್ಟದ್ದರಿಂದಲೇ ನಮ್ಮ ಲೆಕ್ಕ ಕೂಡಿತು ಎಂದು ಮಗಳು ಅವರಿಗೆ ಎಷ್ಟು ಹೇಳಿದ್ದರೂ ನಂಬಿರಲಿಲ್ಲ. ನಾನೂ ತಿದ್ದಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಗರಿಬೊಮ್ಮನಹಳ್ಳಿ ದಾಟಿ ಹಡಗಲಿ ಮುಟ್ಟುವವರೆಗೂ ತೊಡೆಯ ಮೇಲಿಂದ ಇಳಿಸಲಿಲ್ಲ.

ಆಮೇಲೆ ನನಗೆ ಮದುವೆಯಾಯಿತು. ಹೆಂಡತಿ ಹನುಮಕ್ಕ ಬಲು ಚುರುಕು. ಈ ಹೆಪ್ಪಿನ ಕಥೆಯನ್ನು ಅವಳಿಗೆ ಅರ್ಧ ಹೇಳಿದೆ, ಉಳಿದರ್ಧವನ್ನು ಅವಳೇ ಊಹಿಸಿಕೊಂಡಳು. “ನಿಮ್ಮ ಕೊಟ್ಟೂರಮ್ಮ ಇವತ್ತು ಭಾಳ ಗಟ್ಟಿ ಕುಂತಾಳ್ರಿ” ಎಂದು ಮಸರು ಬಡಿಸುವಾಗ ಕಾಲೆಳೆಯುತ್ತಾಳೆ. ಆದರೆ ಒಂದು ದಿನವೂ ಅದನ್ನು ತಪ್ಪಿಸಿದವಳಲ್ಲ. ತವರಿಗೆ ಹೋದರೂ ಒಂದು ಬಟ್ಟಲು ಜೊತೆಗೆ ಒಯ್ಯುತ್ತಾಳೆ. ನಾನು ಬರೆದ ಪ್ರಬಂಧ ಎಲ್ಲೋ ಗ್ರಂಥಾಲಯದಲ್ಲಿ ಧೂಳು ತಿನ್ನುತ್ತಿದೆ. ಮಸರು ಮಾತ್ರ ದಿನಾ ಆಗುತ್ತಿದೆ.

ಇಷ್ಟೆಲ್ಲ ನೆನಪು ಹೊತ್ತುಕೊಂಡು ಆ ಚಳಿಯ ಬೆಳಿಗ್ಗೆ ಬಜಾರಕ್ಕೆ ನಡೆದೆ. ಮೆಡಿಕಲ್ ಶಾಪು ಈಗ ಗಾಜಿನ ಬಾಗಿಲಿನದು. ಆಗ ಹೊರಗೆ ಓದುತ್ತಿದ್ದ ಶಿವಲೀಲಾಳ ತಮ್ಮ ನೋಡಿಕೊಳ್ಳುತ್ತಾನೆ. ಕೊಟ್ರಬಸಪ್ಪನವರು ತೀರಿ ವರ್ಷಗಳಾಗಿವೆ. ಗೌರಮ್ಮ ಮೊಮ್ಮಕ್ಕಳ ನಡುವೆ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದರು. ಅವರಿಗೆ ನನ್ನ ಮುಖ ನೋಡಿ ಗುರುತು ಹತ್ತಲಿಲ್ಲ, ದನಿ ಕೇಳಿ ಹತ್ತಿತು.

“ಹೆಪ್ಪಿನ ಮೇ‍ಷ್ಟ್ರಾ? ಬಾ ತಮ್ಮಾ, ಕುಂದ್ರು.”

ಶಿವಲೀಲಾ ಪುಣೆಯಲ್ಲೇ ಇದ್ದಾಳೆ, ದೊಡ್ಡ ಹುದ್ದೆ, ಒಬ್ಬ ಮಗ ಎಂದರು. ಮಧ್ಯೆ ಇವರಿಗೆ ಆರೋಗ್ಯ ಕೆಟ್ಟು ಮಗಳ ಮನೆಯಲ್ಲಿ ಬಹಳ ದಿನ ಇದ್ದರಂತೆ. ಅಷ್ಟರಲ್ಲಿ ಇಲ್ಲಿ ಸೊಸೆ ಪ್ಯಾಕೆಟ್ ಮಸರಿಗೆ ಹೊಂದಿಕೊಂಡಳು. “ನಮ್ಮ ಅತ್ತಿ ತಂದ ಹೆಪ್ಪು ಹೋತು ತಮ್ಮಾ. ಅಕಿ ಫೋನ್ ಮಾಡಿದಾಗೊಮ್ಮೆ ಕೇಳ್ತಾಳ, ಬೇ ಮಸರು ಹೆಂಗೈತಿ ಅಂತ. ಐತಿ ಅಂತ ಸುಳ್ಳು ಹೇಳೀನಿ.” ಕಟ್ಟೆಯ ಕಲ್ಲನ್ನು ಬೆರಳಿಂದ ಕೆರೆಯುತ್ತ, ಅವರಿಗೆ ಸುಲಭವಲ್ಲದ ಮಾತನ್ನು ಕೇಳಿದರು. “ನಿಮ್ಮ ಮನ್ಯಾಗ ಐತೇನು?”

“ಐತಿರಿ” ಎಂದೆ.

ಮುಂದಿನ ವಾರವೇ ಮತ್ತೆ ಹೋದೆ. ಹನುಮಕ್ಕ ಅದೇ ಸ್ಟೀಲಿನ ಡಬ್ಬಿಗೆ ಮಸರು ತುಂಬಿ ಬಟ್ಟೆ ಕಟ್ಟಿ ಕೊಟ್ಟಳು. “ಕೊಟ್ಟು ಬರ್ರಿ. ನಾಳೆ ನಮ್ಮದು ಕೆಟ್ರ, ಇಸ್ಗೊಂಡು ಬರಾಕ ಒಂದು ಮನಿ ಇರ್ಲಿ” ಎಂದಳು. ನನ್ನ ನಾಲ್ಕು ಸಮೀಕರಣಗಳನ್ನು ಅವಳಿಗೆ ಎಂದೂ ತೋರಿಸಿದವನಲ್ಲ.

ಡಬ್ಬಿ ಹಿಡಿದು ಕಟ್ಟೆಯ ಬಳಿ ನಿಂತೆ, ಹಳೆಯ ರೂಢಿಯಂತೆ. ಗೌರಮ್ಮ ಒಳಗಿಂದಲೇ ಕೂಗಿದರು: “ಅಲ್ಯಾಕ ನಿಂತಿ? ಒಳಗ ತಗೊಂಡು ಬಾ ತಮ್ಮಾ, ನನಗ ಎದ್ದು ಬರಾಕ ಆಗಂಗಿಲ್ಲ.” ಪಡಸಾಲೆ ದಾಟಿ ಅಡುಗೆಮನೆಗೆ ಹೋದೆ. ಇಷ್ಟು ವರ್ಷದಲ್ಲಿ ನಾನು ಕಡಗೋಲಿನ ಸದ್ದಷ್ಟೇ ಕೇಳಿದ್ದ ಕೋಣೆ ಅದು. ಸೊಸೆ ಕಾಸಿದ ಹಾಲನ್ನು ಆರಲು ಇಟ್ಟಿದ್ದಳು. ಗೌರಮ್ಮ ಡಬ್ಬಿಯ ಮುಚ್ಚಳ ತೆಗೆದು, ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಹಚ್ಚಿಕೊಂಡರು. ಕಣ್ಣು ಮುಚ್ಚಿದರು.

“ನಮ್ಮದ” ಎಂದರು.

ತಾವೇ ಹಾಲಿಗೆ ಹೆಪ್ಪು ಹಾಕಿ, ಮೇಲೊಂದು ತಟ್ಟೆ ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, “ಯುಗಾದಿಗೆ ಬರ್ತಾಳ ಅಕಿ. ನೀ ತಂದು ಕೊಟ್ಟಿ ಅಂತ ಹೇಳ್ಲೇನು?” ಎಂದು ಕೇಳಿದರು.

“ಬ್ಯಾಡ್ರಿ” ಎಂದೆ. “ಬರೇ ಬಡಿಸ್ರಿ.”